ಮೂವತ್ತನೇ ದಿನ

ಗೆಳೆಯರೇ, ಇವತ್ತು ಬೀದರಿನ ಒಂದು ವಿಮಾ ಕಚೇರಿಯಲ್ಲಿ ಜಗಳ ಮಾಡಿ ಬಂದೆ. ಅವ್ವ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ಮೂವತ್ತು ದಿನದೊಳಗೆ ಅವಳ ಆಪರೇಷನ್ ಬಿಲ್ಲನ್ನು ವಿಮೆಗೆ ಕೊಡಬೇಕು. ಇಂದು ಮೂವತ್ತನೆಯ ದಿನ. ನಮ್ಮೂರು ಹಲಬರ್ಗಾದಿಂದ ಮೊದಲ ಬಸ್ಸಿಗೇ ಬಂದು ಸಾಲಿನಲ್ಲಿ ನಿಂತಿದ್ದೆ. ನನ್ನ ಸರದಿ ಬಂದಾಗ ಗುಮಾಸ್ತರು ಫೈಲು ಮುಟ್ಟಲೇ ಇಲ್ಲ.

“ಸರ್ವರ್ ಬಂದ್ ಅದ. ನಾಳಿ ಬಾ.”

“ನಾಳಿ ತಗೋತೀರೇನ್ರಿ?”

“ನಾಳಿ ಟೈಮ್ ಮುಗಿದಿರ್ತದ. ದವಾಖಾನ್ಯಾಗ ಡಿಸ್ಚಾರ್ಜ್ ತಾರೀಖು ಒಂದಿನ ಮುಂದ ಹಾಕ್ಸಿ, ಸೀಲ್ ಹೊಡಿಸ್ಕೊಂಡು ಬಾ.”

“ಸುಳ್ಳು ಯಾಕ ಬರಸ್ಲಿರಿ? ಇವತ್ತ ಬಂದೀನಿ ಅಂತ ಬರ್ದು ಕೊಡ್ರಿ.”

“ಎಷ್ಟ್ ಕಲ್ತೀದಿ?”

“ಒಂಬತ್ತನೇ ಕ್ಲಾಸ್ ಫೇಲ್ ರೀ. ತಾರೀಖು ಓದಾಕ ಬರ್ತದ.”

ಸಾಲಿನಲ್ಲಿದ್ದ ಏಳು ಜನ ನಾನು ಇಂದೇ ಬಂದಿದ್ದೆನೆಂದು ನನ್ನ ವಿಮಾ ಅರ್ಜಿಯ ಹಿಂದೆ ಸಹಿ ಹಾಕಿಕೊಟ್ಟರು.

“ಇದು ನಡ್ಯಂಗಿಲ್ಲ,” ಎಂದರು ಗುಮಾಸ್ತರು.

ಸುಳ್ಳಿಗೆ ಒಂದು ಸೀಲು ಸಾಕಂತೆ. ನಿಜಕ್ಕೆ ಏಳು ಜನರೂ ಸಾಲುವುದಿಲ್ಲ.