ಚೆನ್ನಯ ಫೇಲಾದ ವರ್ಷ

ಮುಂಬಯಿ ಹತ್ತಿರದ ಡೊಂಬಿವಲಿಯ ಕನ್ನಡ ಸಂಘವೊಂದು ಹತ್ತನೆಯ ತರಗತಿಯ ಮಕ್ಕಳನ್ನು ಸನ್ಮಾನಿಸುವ ದಿನ ಚೆನ್ನಯನನ್ನು ಅತಿಥಿಯಾಗಿ ಕರೆಯುವುದು ವಾಡಿಕೆಯೇ ಆಗಿಬಿಟ್ಟಿತ್ತು. ಅಂಕ ಕಡಿಮೆ ಬಂದ ಮಕ್ಕಳ ಹೆತ್ತವರಿಗೆ ಅವನ ಭಾಷಣ ಮದ್ದಿದ್ದ ಹಾಗೆ. "ನಾನು ಹತ್ತನೆಯಲ್ಲಿ ಫೇಲಾದವ" ಎಂದೇ ಅವನು ಶುರುಮಾಡುತ್ತಿದ್ದ. ಸಭೆ ನಗುತ್ತಿತ್ತು. ಆಮೇಲೆ ಕಥೆ ಬಿಚ್ಚಿಕೊಳ್ಳುತ್ತಿತ್ತು. ಕಾರ್ಕಳದ ಕಡೆಯ ಹಳ್ಳಿಯಿಂದ ಸೋದರಮಾವನ ಹಿಂದೆ ಕಲ್ಯಾಣಕ್ಕೆ ಬಂದದ್ದು, ಸ್ಟೇಷನ್ನಿನ ಎದುರಿದ್ದ ಮಾವನ ಹೋಟೆಲಿನಲ್ಲಿ ಟೇಬಲ್ ಒರೆಸಿದ್ದು, ಗಲ್ಲಾದಲ್ಲಿ ಕೂತದ್ದು, ರಾತ್ರಿಶಾಲೆಯಲ್ಲಿ ಎಂಟನೆಯಿಂದ ಮತ್ತೆ ಶುರುಮಾಡಿದ್ದು, ಬೆಳಗಿನ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ್ದು. ತುರ್ಭೆಯ ಕೋಲ್ಡ್ ಸ್ಟೋರೇಜ್ ಕಂಪನಿಗೆ ಗುಮಾಸ್ತನಾಗಿ ಹೋದವನು ಈಗ ಅಲ್ಲಿ ಮ್ಯಾನೇಜರು. ಅವನ ಕುಟುಂಬದಲ್ಲಿ ಮೊದಲು ಡಿಗ್ರಿ ಪಡೆದವನೂ ಅವನೇ.

"ಅವತ್ತು ಪಾಸಾಗಿದ್ದರೆ ನಾನು ಇಷ್ಟು ದುಡಿಯುತ್ತಿರಲಿಲ್ಲ" ಎಂದು ಭಾಷಣ ಮುಗಿಯುತ್ತಿತ್ತು. ಅದು ಚಪ್ಪಾಳೆಗಾಗಿ ಹೇಳಿದ ಮಾತಲ್ಲ. ಫೇಲಾದವನು ಒಂದು ಕೈ ಹೆಚ್ಚೇ ದುಡಿಯಬೇಕು ಎಂಬುದೊಂದನ್ನೇ ನಂಬಿ ಅವನು ಬದುಕಿದ್ದ.

ಈ ವರ್ಷ ಕಾರ್ಯಕ್ರಮ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ನರೆಗೂದಲಿನ ಹೆಂಗಸೊಬ್ಬರು ಅವನ ಮುಂದೆ ಬಂದು ನಿಂತರು. ಮಗನ ಮನೆಗೆಂದು ಇತ್ತೀಚೆಗೆ ಡೊಂಬಿವಲಿಗೆ ಬಂದವರು.

"ನಾನು ಜಯಲತಾ. ಹೈಸ್ಕೂಲಿನಲ್ಲಿ ಒಟ್ಟಿಗೆ ಇದ್ದದ್ದು. ನೆನಪುಂಟಾ?"

ಚೆನ್ನಯನಿಗೆ ಮುಖಕ್ಕಿಂತ ಮೊದಲು ದನಿ ನೆನಪಾಯಿತು. ಖುಷಿಯಿಂದ ಊರಿನ ಸುದ್ದಿ ಕೇಳಲು ಹೊರಟ. ಆದರೆ ಜಯಲತಾ ನಗಲಿಲ್ಲ.

"ಮಾತು ಚಂದ ಆಯ್ತು. ಆದರೆ ಮಕ್ಕಳ ಎದುರು ಹಾಗೆ ಸುಳ್ಳು ಹೇಳುವುದಾ ಮಾರಾಯ?"

"ಎಂತ ಸುಳ್ಳು?"

"ನೀನು ಎಲ್ಲಿ ಫೇಲಾದದ್ದು? ನಮ್ಮ ಕ್ಲಾಸಿನಲ್ಲಿ ಫಸ್ಟ್ ಕ್ಲಾಸ್ ಬಂದದ್ದೇ ಇಬ್ಬರಿಗೆ, ಅದರಲ್ಲಿ ನೀನೊಬ್ಬ. ಬೋರ್ಡಿನಲ್ಲಿ ನಾನೇ ಓದಿದ್ದೇನೆ. ಫೇಲಾದದ್ದು ನಾನು. ಬೋರ್ಡಿನ ಎದುರು ನಿಂತು ಅತ್ತವಳಿಗೆ ಮರೆಯುತ್ತದಾ?"

ಅವನ ಕೈಯ ಚಹಾ ತಣ್ಣಗಾಯಿತು. ನೀನು ಕಾಲೇಜಿಗೆ ಸೇರದೆ ಬೊಂಬಾಯಿಗೆ ಹೋದೆಯೆಂದು ಹೆಡ್‌ಮಾಸ್ಟರು ಎಷ್ಟು ಬೇಜಾರು ಮಾಡಿಕೊಂಡಿದ್ದರು ಎಂದು ಜಯಲತಾ ಹೇಳುತ್ತಲೇ ಇದ್ದರು. ಅವನಿಗೆ ಅರ್ಧವೂ ಕೇಳಿಸಲಿಲ್ಲ.

ಡೊಂಬಿವಲಿಯಲ್ಲಿ ಸ್ಲೋ ಲೋಕಲ್ ಹತ್ತಿದ. ದಿವಾ, ಮುಂಬ್ರಾ ದಾಟಿದರೂ ಸೀಟು ಖಾಲಿಯಾದದ್ದು ಅವನಿಗೆ ಗೊತ್ತಾಗಲಿಲ್ಲ. ಸರಳು ಹಿಡಿದು ನಿಂತೇ ಇದ್ದ. ಹತ್ತನೆಯ ಪರೀಕ್ಷೆ ಮುಗಿದ ಆ ಬೇಸಿಗೆಯಲ್ಲಿ ಅವನು ಕಾಮಾಲೆಯಾಗಿ ಹಾಸಿಗೆ ಹಿಡಿದಿದ್ದ. ಹಾಸ್ಟೆಲಿನಲ್ಲಿದ್ದು ಓದಿದ ಶಾಲೆ ದೂರದ ಪೇಟೆಯಲ್ಲಿತ್ತು. ಅವನ ನಂಬರು ಹಿಡಿದು ಫಲಿತಾಂಶ ನೋಡಲು ಹೋದದ್ದು, ಕಲ್ಯಾಣದಿಂದ ರಜೆಗೆ ಬಂದಿದ್ದ ವಸಂತಕುಮಾರ ಮಾವ. ಮಾವ ಬಂದು, ಲೆಕ್ಕದಲ್ಲಿ ಹೋಯಿತು ಎಂದಿದ್ದರು. ಲೆಕ್ಕದ ಪೇಪರು ಕಷ್ಟವೇ ಇತ್ತು, ಅವನು ನಂಬಿದ. ಅಮ್ಮನಿಗೆ ಓದು ಬಾರದು. ಅವಳ ಅಣ್ಣ ಹೇಳಿದ ಮೇಲೆ ಇನ್ನೊಬ್ಬರನ್ನು ಕೇಳುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ರಾತ್ರಿಶಾಲೆಗೂ ಹೈಸ್ಕೂಲಿನ ಕಾಗದ ಬೇಕಾಗಲಿಲ್ಲ, ಏಳನೆಯ ತರಗತಿಯ ಸರ್ಟಿಫಿಕೇಟು ಸಾಕಾಯಿತು. ಅಲ್ಲಿನ ಮೇಷ್ಟ್ರು, ಇದೆಲ್ಲ ನಿನಗೆ ಮೊದಲೇ ಬರುತ್ತದಲ್ಲ ಎಂದು ಆಶ್ಚರ್ಯಪಟ್ಟಾಗ ಅವನು ಫೇಲಾದ ನಾಚಿಕೆಯಿಂದ ತಲೆ ತಗ್ಗಿಸಿದ್ದ.

ಮಾವ ಈಗ ಕಳವಾ ಸ್ಟೇಷನ್ನಿನ ಹತ್ತಿರ, ಸಾಲುಕೋಣೆಗಳ ಹಳೆಯ ಚಾಳಿನಲ್ಲಿ ಒಬ್ಬರೇ ಇರುತ್ತಾರೆ. ಭಾನುವಾರ ಚೆನ್ನಯ ಅಲ್ಲಿಗೆ ಹೋಗಿ ಅವರ ಜೊತೆ ಊಟಮಾಡಿಯೇ ಐರೋಲಿಯ ತನ್ನ ಮನೆಗೆ ಹೋಗುವುದು. ಅವತ್ತು ಒಳಗೆ ಬಂದವನು ಕೂರಲಿಲ್ಲ. ಇಬ್ಬರೂ ಮಾತಾಡುವುದು ತುಳುವಿನಲ್ಲಿ.

"ಮಾವ, ನಾನು ಊರಲ್ಲಿ ಪಾಸಾಗಿದ್ದೆನಾ?"

ಮಾವ ಟಿವಿಯ ದನಿ ತಗ್ಗಿಸಿದರು. "ಆಗಿದ್ದಿ" ಎಂದರು, ನಿನ್ನೆ ಮಳೆ ಬಂತಾ ಎಂದು ಯಾರೋ ಕೇಳಿದಂತೆ. "ನಿನಗೆ ಯಾವತ್ತೋ ಗೊತ್ತಾಗಿರಬಹುದು ಅಂದುಕೊಂಡಿದ್ದೆ."

ಚೆನ್ನಯ ಇಲ್ಲವೆಂದು ತಲೆಯಾಡಿಸಿದ.

"ಪಾಸು ಅಂದಿದ್ದರೆ ನಿನ್ನ ಅಮ್ಮ ಕಾಲೇಜಿಗೆ ಹಾಕುತ್ತಿದ್ದಳು. ಅವಳ ಹಟ ನಿನಗೆ ಗೊತ್ತಲ್ಲ. ನನಗೆ ಗಲ್ಲಾದಲ್ಲಿ ಕೂರಲು ಮನೆಯವನೇ ಬೇಕಿತ್ತು. ಪರರನ್ನು ಕೂರಿಸಿ ಒಂದು ಸಲ ಮುಳುಗಿದವ ನಾನು." ಸ್ವಲ್ಪ ತಡೆದು ಹೇಳಿದರು, "ರಾತ್ರಿಶಾಲೆಗೆ ಸೇರಿಸಿದ್ದೂ ನಾನೇ ಅಲ್ವಾ?"

ಹೌದು. ಶಾಲೆಯ ಹೊತ್ತಿಗೆ ಅವನನ್ನು ಗಲ್ಲಾದಿಂದ ಎಬ್ಬಿಸಿ ಕಳಿಸಿ ತಾವೇ ಅಲ್ಲಿ ಕೂರುತ್ತಿದ್ದುದೂ ಅವರೇ. ಆ ಮಾತನ್ನು ಚೆನ್ನಯ ಪ್ರತಿವರ್ಷ ಭಾಷಣದಲ್ಲಿ ಹೇಳುತ್ತಿದ್ದ. ಈಗ ಆ ಉಪಕಾರವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ರೇಗಾಡಬೇಕು ಅನ್ನಿಸಿತು, ಮೈ ಮಾತ್ರ ಗೋಡೆಗೆ ಒರಗಿಕೊಂಡಿತು.

"ಅಮ್ಮನಿಗೆ ಯಾವಾಗ ಹೇಳಿದಿರಿ?"

ಅಮ್ಮ ತೀರಿಕೊಂಡದ್ದು ಅವನು ರಾತ್ರಿಶಾಲೆಯಲ್ಲಿದ್ದಾಗ. ಮಗನ ತಲೆಗೆ ವಿದ್ಯೆ ಹತ್ತಲಿಲ್ಲ, ಹಾಸ್ಟೆಲಿಗೆ ಕಳಿಸಿ ನಾನೇ ಕೆಡಿಸಿದೆ ಎಂದು ನೆರೆಕರೆಯವರಲ್ಲಿ ಹೇಳಿಕೊಳ್ಳುತ್ತಿದ್ದಳಂತೆ.

ಮಾವ ಆಗಷ್ಟೇ ಮುಖ ತಿರುಗಿಸಿದರು. "ಹೇಳಬೇಕು ಅಂತಲೇ ಇದ್ದೆ. ಅಷ್ಟರಲ್ಲಿ ಅವಳು ಹೋದಳು." ಆಮೇಲೆ, "ಬಂಗುಡೆ ಸಾರು ಉಂಟು, ಊಟ ಮಾಡು" ಎಂದರು.

ಚೆನ್ನಯ ಚಪ್ಪಲಿ ಮೆಟ್ಟಿಕೊಂಡ. ಮಾವನ ಮನೆಯಿಂದ ಉಣ್ಣದೆ ಹೊರಟದ್ದು ಅದೇ ಮೊದಲು. ಹಿಂದಿನಿಂದ ಅವರು ಎರಡು ಸಲ ಹೆಸರು ಹಿಡಿದು ಕರೆದರು.

ಮೆಟ್ಟಿಲಿನಲ್ಲಿದ್ದಾಗ ಹೆಂಡತಿ ನಳಿನಾಕ್ಷಿಯ ಫೋನು ಬಂತು. ಊಟ ಆಯ್ತಾ, ಹೊರಟಿರಾ ಎಂದು ಕೇಳಿದಳು.

"ನಾನು ಪಾಸಾಗಿದ್ದೆ" ಎಂದ.

"ಯಾವುದರಲ್ಲಿ?"

"ಹತ್ತನೆಯದರಲ್ಲಿ. ಊರಲ್ಲಿ. ಮೊದಲನೆಯ ಸಲವೇ."

ಆ ಕಡೆ ಅವಳು ಏನೋ ಕೇಳುತ್ತಿದ್ದಳು. ಅವನು ಚಾಳಿನ ಮೆಟ್ಟಿಲಿನ ಮೇಲೆ, ಹತ್ತುವವರಿಗೂ ಇಳಿಯುವವರಿಗೂ ಅಡ್ಡವಾಗಿ ಕೂತುಬಿಟ್ಟ. "ಅಮ್ಮನಿಗೆ ಗೊತ್ತೇ ಇರಲಿಲ್ಲ, ನಳಿನಾ" ಎಂದ.