ಭಾವ ಬಿಗಿದ ಕ್ಲಚ್ಚು

ಬ್ರೆಡ್ಡಿನವಳ ಬೈಕು ಏರಿನಲ್ಲಿ ಮತ್ತೆ ಕೈಕೊಟ್ಟಿತು. ಎಂಜಿನ್ನು ಅರಚುತ್ತದೆ, ಚಕ್ರ ಮಾತ್ರ ತನಗೂ ಅದಕ್ಕೂ ಸಂಬಂಧವೇ ಇಲ್ಲ ಅನ್ನುತ್ತದೆ. ಕ್ಲಚ್ ಪ್ಲೇಟು ಸುಟ್ಟಿತ್ತು. ಇದು ಎಷ್ಟನೆಯ ಸಲವೋ, ದೇವರಿಗೇ ಗೊತ್ತು.

ಗಂಡ ತೀರಿಕೊಂಡ ಮೇಲೆ ಬೇಕರಿಯಿಂದ ಅಂಗಡಿ ಅಂಗಡಿಗೆ ಬ್ರೆಡ್ ಹಾಕುವ ಅವನ ಕೆಲಸವನ್ನು, ಅವನ ಬೈಕಿನ ಸಮೇತ, ಇವಳೇ ವಹಿಸಿಕೊಂಡಿದ್ದಳು. ರಿಪೇರಿಯೆಲ್ಲ ಗಂಡನ ಅಣ್ಣನ ಗ್ಯಾರೇಜಿನಲ್ಲಿ. ಭಾವನದು ಗಿರಾಕಿಗಳ ಮುಂದೆ ಪ್ರತಿ ಸಲವೂ ಅದೇ ರಾಗ: "ಕ್ಲಚ್ ಲಿವರ್ ಮೇಲಿಂದ ಕೈ ತೆಗೆಯೋದೇ ಇಲ್ಲ, ಪ್ಲೇಟ್ ಸುಡದೆ ಇನ್ನೇನಾಗುತ್ತೆ? ಆ ಕೆಲಸ ನನ್ನ ಮಗನಿಗೆ ಬಿಟ್ಟುಕೊಡಮ್ಮ, ನೀನು ಹಾಯಾಗಿ ಮನೇಲಿರು." ಅತ್ತೆಯೂ ತಲೆಯಾಡಿಸುತ್ತಿದ್ದರು. ಈಗ ಬೇಕರಿ ಯಜಮಾನನೂ, ಇನ್ನೊಮ್ಮೆ ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದುಬಿಟ್ಟಿದ್ದ.

ಅವಳ ಮೈಯೆಲ್ಲ ಉರಿದುಹೋಯಿತು. ಆ ಮನುಷ್ಯನ ಕೈ ಇನ್ನು ತನ್ನ ಬೈಕಿಗೆ ತಾಗಕೂಡದು ಎಂದು ಹೊಸ ಪ್ಲೇಟು ತಂದು, ಎಣ್ಣೆಯಲ್ಲಿ ನೆನೆಹಾಕಿ, ಹಿತ್ತಿಲಲ್ಲಿ ತಾನೇ ಕೂತಳು. ಕವರ್ ಬಿಚ್ಚಿ, ಸ್ಪ್ರಿಂಗು ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿಟ್ಟಳು. ಕವರಿನ ಅಂಚಿಗೆ ಅಂಟಿಕೊಂಡಿದ್ದ ಹಳೇ ಗ್ಯಾಸ್ಕೆಟ್ ಕಾಗದವನ್ನು ಕೆರೆಯುವಾಗ ಭಾವನ ಮುಖವನ್ನೇ ಕೆರೆಯುತ್ತಿದ್ದೇನೆ ಅನ್ನಿಸಿ ತುಸು ಹಿತವಾಯಿತು.

"ಲಿವರ್ ತುದಿ ಚೂರು ಸಡಿಲವಾಗಿ ಆಡ್ಬೇಕಕ್ಕ" ಎಂದು ಬಿಡಿಭಾಗದ ಅಂಗಡಿಯವನು ಹೇಳಿದ್ದನ್ನು ಅವಳು ಕಿವಿಗೇ ಹಾಕಿಕೊಂಡಿರಲಿಲ್ಲ. ಭಾವ ರಿಪೇರಿ ಮಾಡಿಕೊಟ್ಟಾಗಲೆಲ್ಲ ಲಿವರು ಅಲುಗಾಡದಷ್ಟು ಬಿಗಿಯಾಗಿರುತ್ತಿತ್ತು; ಅವಳೂ ಕೇಬಲನ್ನು ಹಾಗೇ ಬಿಗಿದಳು. ಏರಿಗೆ ಒಯ್ದರೆ ಮತ್ತೆ ಅದೇ ಅರಚಾಟ. ಪ್ಲೇಟು ಹೊಚ್ಚ ಹೊಸದು, ಲಿವರ್ ಮೇಲೆ ಬೆರಳೂ ಇಲ್ಲ!

ಇಳಿದು ಕೇಬಲ್ಲಿನ ತಿರುಪನ್ನು ಸ್ವಲ್ಪ ಸಡಿಲಿಸಿದಳು. ಬೈಕು ಸಲೀಸಾಗಿ ಏರು ಹತ್ತಿತು. ಮೇಲೆ ನಿಂತವಳಿಗೆ ಒಮ್ಮೆಲೇ ಹೊಳೆಯಿತು: ಕೇಬಲ್ ಅಷ್ಟು ಬಿಗಿಯಾಗಿದ್ದರೆ, ಕೈಯಿಡದಿದ್ದರೂ ಲಿವರನ್ನು ಸದಾ ಅರ್ಧ ಒತ್ತಿ ಹಿಡಿದ ಹಾಗೆಯೇ. ಜೀವನವಿಡೀ ಗ್ಯಾರೇಜಿನಲ್ಲೇ ಸವೆಸಿದವನಿಗೆ ಈ ತಿರುಪಿನ ವಿಷಯ ಗೊತ್ತಿರಲಿಲ್ಲವೇ? ಬೇಕೆಂದೇ ಬಿಗಿದು ಪ್ಲೇಟು ಸುಡುವ ಹಾಗೆ ಮಾಡಿ, ತಪ್ಪನ್ನು ಇವಳ ತಲೆಗೆ ಕಟ್ಟುತ್ತಿದ್ದ. ಎಂಥ ಖದೀಮ ನೋಡಿ.

ಗಿರಾಕಿಗಳು ತುಂಬಿರುವ ಹೊತ್ತು ನೋಡಿಕೊಂಡೇ ಅವಳು ಗ್ಯಾರೇಜಿಗೆ ಹೋದಳು. ಬೈಕಿನಿಂದ ಬಿಚ್ಚಿ ತೆಗೆದಿದ್ದ ಸುಟ್ಟ ಪ್ಲೇಟುಗಳನ್ನು ಭಾವನ ಮೇಜಿನ ಮೇಲೆ ಸುರಿದಳು.

"ಭಾವ, ನಾನೇ ಕ್ಲಚ್ ಹಾಕ್ದೆ. ನೀವು ಬಿಗಿಯೋ ಹಾಗೇ ಬಿಗಿದೆ, ಜಾರ್ತು. ಸಡಿಲ ಬಿಟ್ಟೆ, ಸರಿಹೋಯ್ತು. ನೀವ್ಯಾಕೆ ಒಂದು ದಿನವೂ ಸಡಿಲ ಬಿಡ್ಲಿಲ್ಲ?"

"ಅದೆಲ್ಲ ನಿನಗೆ ಅರ್ಥ ಆಗಲ್ಲಮ್ಮ."

"ಇವರಿಗೆ ಆಗುತ್ತೆ. ಇವರಿಗೇ ಹೇಳಿ."

ಬೆಂಚಿನ ಮೇಲಿದ್ದ ಗಿರಾಕಿಯೊಬ್ಬ ಎದ್ದುಹೋಗಿ ತನ್ನ ಬೈಕಿನ ಲಿವರನ್ನು ಬೆರಳಿಂದ ಆಡಿಸಿ ನೋಡಿದ. ಇನ್ನೊಬ್ಬನೂ ಎದ್ದ. ಬ್ರೆಡ್ಡಿಗೆ ಹೊತ್ತಾಗುತ್ತಿತ್ತು, ಆದರೂ ಮೂರನೆಯವನು ಏಳುವವರೆಗೆ ಅವಳು ನಿಂತೇ ಇದ್ದಳು.