ಸೊಸೆಗೆ ವಾಕಿಂಗ್ ಹೇಳಿ ಅತ್ತೆಯ ಕೈಗೆ ಸಿಕ್ಕಿದ್ದು

ಕೋವಿಡ್ ಲಸಿಕೆಯ ಗದ್ದಲ ಮುಗಿದ ಮರುವರ್ಷ. ಕಾಗವಾಡ ತಾಲೂಕಿನಲ್ಲಿ, ಶಿರಗುಪ್ಪಿಯಿಂದ ಸ್ವಲ್ಪ ಆಚೆಗಿನ ಒಂದು ಹಳ್ಳಿಗೆ ನಾನು ಸಮುದಾಯ ಆರೋಗ್ಯ ಅಧಿಕಾರಿಯಾಗಿ ಬಂದಿದ್ದೆ. ಹುದ್ದೆಯ ಹೆಸರು ಉದ್ದ. ಊರವರಿಗೆ ನಾನು ಬರೀ ‘ಸಿಸ್ಟರ್’. ಮೂವತ್ತು ದಾಟಿದವರ ಬಿಪಿ, ಶುಗರ್ ನೋಡುವುದು ಕೆಲಸ. ನೋಡಿದ ಮೇಲೆ “ವಾಕಿಂಗ್ ಮಾಡ್ರಿ” ಎನ್ನುವುದೂ ಕೆಲಸವೇ. ಅದನ್ನು ಹೇಳುವುದರಲ್ಲಿ ನಾನು ಭಾರೀ ಶ್ಯಾಣ್ಯಾಕಿ ಅಂದುಕೊಂಡಿದ್ದೆ.

ಪದ್ಮಕ್ಕನಿಗೆ ನಲವತ್ತಾರು. ಕಬ್ಬು ಬೆಳೆಯುವ ಜೈನ ಮನೆತನದ ಸೊಸೆ. ಹೊಲಕ್ಕೆ ಆಳುಗಳಿದ್ದರು, ಮನೆಯೊಳಗೆ ನಲ್ಲಿ ಇತ್ತು. ನಡೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಅವರ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸಕ್ಕರೆಯ ಸರಾಸರಿ, ಒಂಬತ್ತು ದಾಟಿತ್ತು. ಏಳರ ಆಸುಪಾಸು ಇದ್ದರೆ ಚಲೋ. ಡಾಕ್ಟರು ಗುಳಿಗೆ ಬರೆದು ಮೂರು ತಿಂಗಳ ಗಡುವು ಕೊಟ್ಟರು. ಇಳಿಯದಿದ್ದರೆ ಇನ್ಸುಲಿನ್.

“ಏನ್ ಬೇಕಾದ್ರೂ ಮಾಡ್ತೀನ್ರಿ ಸಿಸ್ಟರ್, ದಿನಾ ಸೂಜಿ ಚುಚ್ಚಕೊಳ್ಳೂದ ಒಂದ್ ಬ್ಯಾಡ್ರಿ,” ಎಂದು ಪದ್ಮಕ್ಕ ನನ್ನ ಕೈ ಹಿಡಿದರು.

“ಹಂಗಾರ ದಿನಾ ನಲವತ್ತು ನಿಮಿಷ ಅಡ್ಡಾಡ್ರಿ. ಮುಂಜಾನೆ ಐದೂವರೆಗೆ ಕಬ್ಬಿನ ಹೊಲದ ಹಾದಿ ಹಿಡೀರಿ. ಕೈಯಾಗ ಒಂದ್ ನೀರಿನ ಬಾಟಲಿ ಇರ್ಲಿ.”

ನಾಲ್ಕನೇ ದಿನ ಪದ್ಮಕ್ಕನ ಅತ್ತೆ ಚಂಪಾಬಾಯಿ ಬಂದರು. ಎಪ್ಪತ್ತರ ಗಟ್ಟಿ ಜೀವ. ಅದೇ ಬಾಟಲಿಯನ್ನು ನನ್ನ ಟೇಬಲ್ ಮೇಲೆ ಕುಕ್ಕಿದರು.

“ಯಾಕ್ರಿ ಸಿಸ್ಟರ್, ನಮ್ಮ ಮನ್ಯಾಗ ಸಂಡಾಸ ಇಲ್ಲೇನ್ರಿ?”

ನಾನು ಕಣ್ಣು ಕಣ್ಣು ಬಿಟ್ಟೆ.

“ಕತ್ತಲಿದ್ದಾಗ ನೀರ ಹಿಡಕೊಂಡ ಕಬ್ಬಿನ ಕಡೆ ಹೊಂಟ್ರ ಮಂದಿ ಏನ್ ತಿಳೀಬೇಕು? ಹಾಲಿನ ಡೇರಿಯೊಳಗ ಕೇಳಾಕತ್ತಾರ, ಯಾಕ್ರಿ, ಸಂಡಾಸ ತುಂಬೇತೇನು ಅಂತ. ನಮ್ಮ ಮನಿಯವರ ಜೋಡಿ ಜಗಳಾಡಿ ಈ ಓಣ್ಯಾಗ ಮೊದಲ ಸಂಡಾಸ ಕಟ್ಟಿಸಿದಾಕಿ ನಾನ!”

ಚಿಕ್ಕೋಡಿ ಪೇಟೆಯಲ್ಲಿ ಬೆಳೆದ ನನಗೆ ಇದು ಹೊಳೆದೇ ಇರಲಿಲ್ಲ. ನಗು ಬಂತು, ನುಂಗಿಕೊಂಡೆ. ಡೇರಿಯ ಮಾತು ಕಿವಿಗೆ ಬಿದ್ದು ಪದ್ಮಕ್ಕ ಆಗಲೇ ನಡೆಯುವುದನ್ನೇ ಬಿಟ್ಟಿದ್ದರು.

ಮಾಳಿಗೆ ಮೇಲೆ ಅಡ್ಡಾಡಲಿ ಎಂದೆ. “ಮಂದಿ ಅಂಗಳಾ ಇಣಕತಾಳ ಅಂತಾರ.” ಸಂಜೆ ಹೋಗಲಿ ಎಂದೆ. “ಹೊತ್ತ ಮುಳಗೂದರಾಗ ನಮ್ಮಲ್ಲಿ ಊಟ ಮುಗೀಬೇಕು. ಅಡಗಿ ಮಾಡಾಕ ನೀ ಬರ್ತೀಯೇನು?” ಮುದುಕಿ ಏಕವಚನಕ್ಕೆ ಇಳಿದಿದ್ದರು.

“ಊಟಾ ಆದ ಮ್ಯಾಲ?”

“ಆಗ ಕೆಲಸ ಇರಂಗಿಲ್ಲ. ಆದ್ರ ಕಟ್ಟಿ ಮ್ಯಾಲ ಗಂಡಸರು ಕುಂತಿರ್ತಾರ. ಬರಿಗೈಲೆ ಹೆಣ್ಮಗಳು ಎಲ್ಲಿಗಿ ಹೊಂಟ್ಳು ಅಂತ ನೂರಾ ಎಂಟ್ ಮಾತ.”

ನನಗೂ ಸಿಟ್ಟು ಬಂತು. ನೇರವಾಗಿ ಇನ್ಸುಲಿನ್ ಮಾತು ಹೇಳಿಬಿಟ್ಟೆ. ಚಂಪಾಬಾಯಿ ಅಲ್ಲೇ ಬೆಂಚಿನ ಮೇಲೆ ಕೂತರು.

“ಅಕಿ ನನಗ ಹೇಳೇ ಇಲ್ಲಲಾ.” ಆಮೇಲೆ ಅಂದರು, “ಸಂಡಾಸ ಇಲ್ಲದಾಗ ನಾವು ಏಳೆಂಟ್ ಹೆಣ್ಮಕ್ಕಳು ಕೂಡಿ ಹೊಲಕ್ಕ ಹೋಗ್ತಿದ್ವಿ. ನಾಚಿಕಿ ಇತ್ತು, ಹಾವಿನ ಹೆದರಿಕಿ ಇತ್ತು. ಆದ್ರ ಮನಸ ಬಿಚ್ಚಿ ನಗತಿದ್ದದ್ದು ಅಷ್ಟ ಹೊತ್ತು. ಈಕಿಗೆ ಅದೂ ಇಲ್ಲ ನೋಡ್ರಿ.”

ಮರುದಿನ ಸಂಜೆ ಬಸ್ಸಿಗೆ ನಿಂತಿದ್ದೆ. ಅತ್ತೆ ಮುಂದೆ, ಸೊಸೆ ಹಿಂದೆ, ಇಬ್ಬರದೂ ಬರಿಗೈ. ಸಂದಿಗೊಂದಿ ಹಿಡಿದು ಬಂದಿರಲಿಲ್ಲ. ನಡುಬೀದಿಯಲ್ಲಿ, ಗಂಡಸರು ಕೂತ ಕಟ್ಟೆಯ ಎದುರಿಗೇ ಬರುತ್ತಿದ್ದರು. ಒಬ್ಬ ಕೇಳಿಯೇ ಕೇಳಿದ.

“ಎಲ್ಲಿಗಿ ಹೊಂಟೀರಿ ಆಯಿ?”

“ಎಲ್ಲಿಗೂ ಇಲ್ಲೋ. ಸೊಸಿಗೆ ಸಕ್ಕರಿ ಐತಿ, ಇಳಸಾಕ ಅಡ್ಡಾಡಾಕತ್ತೇವಿ. ನಿನ್ನ ಹೊಟ್ಟಿ ನೋಡಿದ್ರ ನೀನೂ ಬರೂದ ಚಲೋ!”

ಕಟ್ಟೆಗೆ ಕಟ್ಟೆಯೇ ನಕ್ಕಿತು. ಸೊಸೆಯ ಕಾಯಿಲೆಯನ್ನು ನಾಲ್ಕು ಗೋಡೆಯೊಳಗೆ ಮುಚ್ಚಿಡುವ ಊರಲ್ಲಿ ಈ ಮುದುಕಿ ಅದನ್ನು ಬೀದಿಯಲ್ಲಿ ನಿಂತು, ಒಂದಿಷ್ಟೂ ಅಳುಕದೆ ಹೇಳಿದ್ದರು. ನನ್ನ ಬಸ್ಸು ಬಂದು ಹೋಯಿತು. ನಾನು ಅವರನ್ನೇ ನೋಡುತ್ತ ನಿಂತಿದ್ದೆ. ತಿಂಗಳೊಳಗೆ ಆ ಸಾಲಿನಲ್ಲಿ ಆರು ಹೆಂಗಸರಾದರು. “ಆಯಿ ಜೋಡಿ ಹೊಂಟೇನಿ” ಎಂದರೆ ಯಾವ ಮನೆಯಲ್ಲೂ ಎರಡನೇ ಪ್ರಶ್ನೆ ಬರುತ್ತಿರಲಿಲ್ಲ.

ಮೂರು ತಿಂಗಳಿಗೆ ರಿಪೋರ್ಟ್ ಬಂತು. ಏಳು ಪಾಯಿಂಟ್ ಎರಡು. ಗುಳಿಗೆಯ ಪಾಲೂ ಇತ್ತು, ಸುಳ್ಳು ಯಾಕೆ ಹೇಳಲಿ. “ಇನ್ಸುಲಿನ್ ಸದ್ಯಕ್ಕೆ ಬೇಡ,” ಎಂದರು ಡಾಕ್ಟರು. ಪದ್ಮಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು.

“ಸಾಕಲಾ ಇನ್ನ? ನನ್ನ ಮೊಣಕಾಲ ನೋಯಾಕತ್ತಾವ,” ಎಂದರು ಚಂಪಾಬಾಯಿ.

“ನೀವು ಮನ್ಯಾಗ ಕುಂದರ್ರಿ ಅತ್ತಿ. ನಾ ಒಬ್ಬಾಕಿನ ಹೋಗ್ತೀನಿ.”

ಅತ್ತೆ ಸೊಸೆಯನ್ನು ಒಂದು ಕ್ಷಣ ನೋಡಿ, ತಮ್ಮ ಚಪ್ಪಲಿ ಹುಡುಕಿಕೊಂಡು ಮನೆ ಕಡೆ ಹೊರಟರು. ಒಬ್ಬಳೇ ಹೋಗಬೇಡ ಎನ್ನಲಿಲ್ಲ.

ಜನರಿಗೆ ತಿಳಿವಳಿಕೆ ಕೊಟ್ಟರೆ ಸಾಕು ಎಂದು ಟ್ರೇನಿಂಗ್‌ನಲ್ಲಿ ಕಲಿತಿದ್ದೆ. ಪದ್ಮಕ್ಕನಿಗೆ ತಿಳಿವಳಿಕೆ ಮೊದಲ ದಿನವೇ ಬಂದಿತ್ತು. ಮನೆಯಿಂದ ಹೊರಗೆ ಕಾಲಿಡುವ ಹಕ್ಕು ಬರಬೇಕಿತ್ತು. ಅದನ್ನು ಕೊಡಿಸಿದ್ದು ನಾನಲ್ಲ. ಈಗ ಯಾವ ಹೆಂಗಸಿಗೂ ವಾಕಿಂಗ್ ಹೇಳುವ ಮೊದಲು, ನಿಮ್ಮ ಮನೆಯಲ್ಲಿ ಯಾರ ಮಾತಿಗೆ ಎದುರಿಲ್ಲ ಎಂದು ಕೇಳುತ್ತೇನೆ. ಮೊದಲು ಹೋಗಿ ಚಹಾ ಕುಡಿಯುವುದು ಅವರ ಜೊತೆ.